ಉಸಿರಾಡಿದ ಸಿಡಿ

“ಇನ್ನೊಂದ್ಸಲ ಹಾಕೇ,” ಎಂದರು ಅತ್ತೆ.

ಸೊಸೆ ಗುಂಡಿ ಒತ್ತಿದಳು. ಹಳೆಯ ಪ್ಲೇಯರು ಗೊಣಗಿತು, ಗಂಟಲು ಸರಿಮಾಡಿಕೊಂಡಿತು, ಆಮೇಲೆ ಬೇರೆ ದಾರಿಯಿಲ್ಲದೆ ತಿರುಗತೊಡಗಿತು. ಕೋಗಿಲಮ್ಮನ ದನಿ ಮುಂಗೋಣೆಯನ್ನೆಲ್ಲ ತುಂಬಿಕೊಂಡಿತು. ಪಕ್ಕವಾದ್ಯವಿಲ್ಲ, ತಾಳವಿಲ್ಲ. ಬರೀ ಕಂಠ.

“ಬಾಗಿಲು ತೆರೆದಿಟ್ಟು ಕಾ... ಕಾ... ಕಾಯುವೆನು ನಿನಗಾಗಿ...”

“ನಿಲ್ಲಿಸು. ಮತ್ತೆ ಕಾಗೆಯಿಂದ ಹಾಕು.”

ಬೆಳಗಿನಿಂದ ಆ ಕಾಗೆ ಹಾರಿ ಹಾರಿ ಬಂದು ಅದೇ ಕೊಂಬೆಯ ಮೇಲೆ ಕೂರುತ್ತಿತ್ತು. ಲೋಟದ ಕಾಫಿ ಆರಿ ಕೆನೆಗಟ್ಟಿತ್ತು. ಸದ್ದು ಅಡ್ಡ ಬರುತ್ತದೆಂದು ಅತ್ತೆ ಫ್ಯಾನು ನಿಲ್ಲಿಸಿದ್ದರು. ಗೋಡೆ ಗಡಿಯಾರವನ್ನು ಇಳಿಸಿ ಅಡುಗೆಮನೆಯ ಹಿಟ್ಟಿನ ಡಬ್ಬದೊಳಗೆ ಕೂರಿಸಿದ್ದರು. ಸೊಸೆಯ ಗಂಡ, ಅಂದರೆ ಅತ್ತೆಯ ಒಬ್ಬನೇ ಮಗ, ಗೋಡೆಗೊರಗಿ ಕೂತು ತನ್ನ ಮೊಣಕಾಲನ್ನೇ ಆರೋಪಿಯನ್ನು ನೋಡುವ ಹಾಗೆ ನೋಡುತ್ತಿದ್ದ.

ಆರೋಪಿ ಅವನೇ. ಕೋಗಿಲಮ್ಮ ವಾದ್ಯವಿಲ್ಲದೆ ಹಾಡಿದ ಹೊಸ ಹಾಡುಗಳನ್ನು ಧ್ವನಿಮುದ್ರಿಸಿದವನು ಅವನು. ಯಾರೂ ನಕಲು ಮಾಡದ ಹಾಗೆ ಸಿಡಿಗೆ ಬೀಗ ಹಾಕಿದವರು ಅವನ ಮಾವ. ಬೀಗದ ಸಿಡಿ ಅಂಗಡಿಗೆ ಬಂದು ಇನ್ನೂ ಮೈಬಿಸಿ ಆರುವ ಮೊದಲೇ ನಕಲು ಸಿಡಿಗಳು ಬೀದಿಬೀದಿಯಲ್ಲಿ ಹಾಡುಹಗಲೇ ಹಾಡತೊಡಗಿದವು. ಈಗ ಪ್ಲೇಯರಿನಲ್ಲಿ ತಿರುಗುತ್ತಿದ್ದದ್ದು ಅಂಥದೊಂದು. ಸ್ಟುಡಿಯೋದ ಯಂತ್ರಗಳಿಗೆ ಕೈ ಇಡಬಲ್ಲವನು ಅಳಿಯನೊಬ್ಬನೇ ಎಂದು ಮಾವನೇ ಸಿಡಿ ಕಂಪನಿಯಲ್ಲಿ ಹೇಳಿಬಿಟ್ಟಿದ್ದರು. ಕಂಪನಿಯ ಯಜಮಾನರು ಇವತ್ತು ಸಂಜೆ ಪರವೂರಿನಿಂದ ಬರುತ್ತಾರೆ. ಅಷ್ಟರೊಳಗೆ ಬೇರೆ ಕಳ್ಳ ಸಿಗದಿದ್ದರೆ ಇರುವ ಕಳ್ಳನನ್ನೇ ಪೊಲೀಸರಿಗೆ ಒಪ್ಪಿಸುವುದು ಎಂದು ತೀರ್ಮಾನವಾಗಿತ್ತು. ಹಾಡು ಕದ್ದವನೆಂಬ ಹೆಸರು ಒಮ್ಮೆ ಅಂಟಿದರೆ ಯಾವ ಸ್ಟುಡಿಯೋದವರೂ ಅವನನ್ನು ಮೈಕಿನ ಹತ್ತಿರ ಸುಳಿಯಗೊಡುವುದಿಲ್ಲ. ಮೈಕು ಬಿಟ್ಟರೆ ಅವನಿಗೆ ಬೇರೆ ಕೆಲಸವೂ ಬರುವುದಿಲ್ಲ.

ಸಾಲದ್ದಕ್ಕೆ ಆ ಮಾವ ಅಂದರೆ ಸೊಸೆಯ ಹೆತ್ತ ಅಪ್ಪ. ಅತ್ತೆಗೆ ಬೀಗರು. ಬೀಗ ಮಾಡಿ ಬೀಗಿದ ಬೀಗರು ಎಂದು ಅತ್ತೆ ಒಮ್ಮೆ ನಕ್ಕಿದ್ದರು. ಈಗ ಆ ಮಾತಿಗೆ ಆ ಮನೆಯಲ್ಲಿ ಯಾರೂ ನಗುತ್ತಿರಲಿಲ್ಲ.

ಅತ್ತೆ ಸಿನಿಮಾಗಳಿಗೆ ಕಂಠದಾನ ಮಾಡಿ ಬದುಕಿದವರು. ಪರದೆಯ ಮೇಲೆ ಕಣ್ಣೀರು ನಾಯಕಿಯದು, ಬಿಕ್ಕು ಇವರದು. “ನಾನು ಮದುವೆಗೆ ಮೊದಲೇ ಅತ್ತೆ, ಮಗನ ಮದುವೆ ಆದ್ಮೇಲೂ ಅತ್ತೆ” ಎಂದೇ ಹೊಸಬರಿಗೆ ಪರಿಚಯ ಹೇಳಿಕೊಳ್ಳುತ್ತಿದ್ದರು. ಯಾರದೇ ದನಿಯನ್ನು ಎರಡು ಮಾತು ಕೇಳಿದರೆ ಸಾಕು, ಮೂರನೆಯ ಮಾತನ್ನು ಇವರೇ ಆಡಿ ಮುಗಿಸುತ್ತಿದ್ದರು. ಕೆಲಸ ಬಿಟ್ಟ ಮೇಲೆ ಕಳವು, ಕಾಣೆ, ಹೆಸರಿಲ್ಲದ ಫೋನು, ಹೀಗೆ ಬೀದಿಯವರ ತಂಟೆಗಳನ್ನೆಲ್ಲ ಕಿವಿಯಿಂದಲೇ ಬಿಡಿಸಿ ‘ಪತ್ತೆಯತ್ತೆ’ ಎಂದು ಹೆಸರಾಗಿದ್ದರು.

“ಕಣ್ಮುಚ್ಕೊಂಡು ಕೇಳು,” ಎಂದರು ಈಗ, ತೋರುಬೆರಳನ್ನು ಗಾಳಿಯಲ್ಲಿ ಎತ್ತಿ ಹಿಡಿದು. “ಎರಡನೇ ಕಾ ಆದ್ಮೇಲೆ, ಮೂರನೇ ಕಾಗೆ ಮುಂಚೆ. ಏನಿದೆ?”

ಸೊಸೆ ಕಣ್ಣು ಮುಚ್ಚಿದಳು. “ಏನೂ ಇಲ್ಲ ಅತ್ತೆ. ಖಾಲಿ.”

“ಖಾಲಿಗೂ ಒಂದು ಸದ್ದಿರುತ್ತೆ. ಮತ್ತೆ ಕೇಳು. ನೀನೂ ಉಸಿರು ಬಿಡಬೇಡ.”

ಸೊಸೆ ಉಸಿರು ಹಿಡಿದಳು. ಕಾ. ಕಾ. ಆಮೇಲೆ, ರೇಷ್ಮೆ ಬಟ್ಟೆಯ ಮೇಲೆ ಬೆರಳು ಎಳೆದಷ್ಟು ತೆಳುವಾಗಿ, ಒಂದು ಏನೋ. ಆಮೇಲೆ ಕಾಯುವೆನು.

ಅವಳು ಕಣ್ಣು ತೆರೆದಳು. ಅತ್ತೆ ಆಗಲೇ ನಗುತ್ತಿದ್ದರು.

“ಉಸಿರು,” ಎಂದಳು ಸೊಸೆ.

“ಉಸಿರೇ. ಈಗ ಹೇಳು. ತಟ್ಟೆ ಕೆಟ್ಟು ಯಂತ್ರ ತೊದಲಿದ್ರೆ ಹೇಗೆ ತೊದಲುತ್ತೆ?” ಅತ್ತೆ ಬಾಯಿ ತೆರೆದರು. ಕತ್ತರಿಯಿಂದ ಕತ್ತರಿಸಿ ಅಂಟಿಸಿದ ಹಾಗೆ ಮೂರು ‘ಕಾ’ ಉದುರಿದವು, ಒಂದಕ್ಕೊಂದು ಕೂದಲೆಳೆಯ ಭೇದವಿಲ್ಲದೆ. ಸೊಸೆ ಪ್ಲೇಯರಿನ ಕಡೆ ತಿರುಗಿ ನೋಡಿದಳು. ಅದು ನಿಂತೇ ಇತ್ತು. “ಹೀಗೆ. ಸಿಕ್ಕಿಹಾಕಿಕೊಂಡ ತುಂಡನ್ನೇ ಮತ್ತೆ ಮತ್ತೆ ಉಗುಳುತ್ತೆ. ಮಧ್ಯೆ ಮೂಗಲ್ಲಿ ಉಸಿರೆಳೆಯೋ ಯಂತ್ರವನ್ನ ನಿಮ್ಮಪ್ಪ ಇನ್ನೂ ಕಂಡುಹಿಡಿದಿಲ್ಲ.”

ಗೋಡೆಯ ಬಳಿಯಿಂದ ಗಂಡ ತಲೆ ಎತ್ತಿದ. “ಅಂದ್ರೆ?”

“ಅಂದ್ರೆ ಯಾರೂ ಬೀಗ ಒಡೆದಿಲ್ಲ ಕಣೋ. ಇದು ಬೀಗದ ಸಿಡಿಯಿಂದ ನಕಲು ಮಾಡಿದ್ದೇ ಅಲ್ಲ. ಕೂತ್ಕೊಂಡು ಮೊದಲಿಂದ ಕೊನೆವರೆಗೆ ಹಾಡಿದ್ದು. ತೊದಲನ್ನೂ ಸೇರಿಸಿ.”

ಹಿಟ್ಟಿನ ಡಬ್ಬದೊಳಗೆ ಗಡಿಯಾರ ಮುಸುಕಿನೊಳಗಿಂದ ಟಿಕ್ ಎನ್ನುತ್ತಿತ್ತು.

“ಅಮ್ಮಾ,” ಎಂದ ಗಂಡ ಮೆಲ್ಲಗೆ, “ಈ ಊರಲ್ಲಿ ಕೋಗಿಲಮ್ಮನ ದನಿ ತೆಗೆಯೋರು ಅಂದ್ರೆ ನೀನೊಬ್ಬಳೇ.”

“ಶಭಾಷ್. ಹೆತ್ತ ತಾಯೀನ ಸಿಕ್ಕಿಸಿ ನೀನು ಪಾರಾಗು.” ಅತ್ತೆಗೆ ಕೋಪ ಬಂದಿರಲಿಲ್ಲ, ಮಗನಿಗೆ ತಲೆ ಓಡಿತಲ್ಲ ಎಂಬ ಹೆಮ್ಮೆಯೇ ಇತ್ತು. “ಪ್ರಯತ್ನ ಮಾಡಿದೀನಿ ಕಣೋ. ಸ್ನಾನದ ಮನೇಲಿ ಹಾಡಿ ನೋಡ್ದೆ. ನಲ್ಲಿ ನೀರೇ ನಿಂತುಹೋಯ್ತು. ದನಿ ಕದೀಬಹುದು, ರಾಗ ಕದೀಬಹುದು. ಉಸಿರು ಅವರವರದ್ದೇ. ಈ ಹೆಂಗಸು ಮೂಗಲ್ಲಿ ಉಸಿರೆಳೆದು ಹಲ್ಲಿನ ಹಿಂದೆ ಒಂದು ಕ್ಷಣ ಕೂಡಿಟ್ಕೊಳ್ತಾಳೆ. ಹಾಗೆ ಮಾಡೋರನ್ನ ನನ್ನ ಜೀವಮಾನದಲ್ಲಿ ಒಬ್ಬರನ್ನೇ ಕೇಳಿರೋದು. ಆದ್ರೆ ಬರೀ ಕಿವಿಮಾತು ಸಾಕ್ಷಿ ಆಗಲ್ಲ. ವಾಪಸಮ್ಮಾ, ನಿನ್ನ ಕೌಂಟರಿನ ಕಥೆ ಹೇಳು.”

ಸೊಸೆಗೆ ಆ ಹೆಸರಿಟ್ಟವರು ಅಂಗಡಿಯವರು. ದೊಡ್ಡ ಸಿಡಿ ಅಂಗಡಿಯೊಂದರಲ್ಲಿ ಮಾಲು ವಾಪಸು ತೆಗೆದುಕೊಳ್ಳುವ ಕೌಂಟರು ಅವಳದು. ಬೀಗದ ಸಿಡಿ ಬಂದಂದಿನಿಂದ ಸಿಡಿ ತಂದವರೆಲ್ಲ ಸಿಡಿಮಿಡಿ. ತಲೆನೋವಿನ ಮಾತ್ರೆಯ ಪಟ್ಟಿ ಅವಳ ಮೇಜಿನ ಮೇಲೇ ಇರುತ್ತಿತ್ತು. ಬಂದವರ ದನಿಗಳನ್ನು ಸಂಜೆ ಮನೆಯಲ್ಲಿ ಆಡಿ ತೋರಿಸಿ ಅತ್ತೆಯಿಂದ ತಿದ್ದಿಸಿಕೊಳ್ಳುವುದು ಅವಳಿಗೆ ಅಭ್ಯಾಸವಾಗಿಬಿಟ್ಟಿತ್ತು.

“ಒಬ್ಬರು ಬಂದಿದ್ರು, ಕಾರಿನವರು. ‘ಹಾಕ್ದೆ ಮೇಡಂ, ನುಂಗ್ತು. ಹಾಡೂ ಬರಲಿಲ್ಲ, ಸಿಡೀನೂ ಬರಲಿಲ್ಲ. ಕಾರು ಸಮೇತ ವಾಪಸ್ ತಗೋತೀರಾ?’”

“ಇನ್ನೂ ಸ್ವಲ್ಪ ಮೂಗಿಂದ. ಮುಂದೆ?”

“ಮೇಷ್ಟ್ರು. ‘ಕಂಪ್ಯೂಟರಿಗೆ ಹಾಕ್ದೆನಮ್ಮ. ನೀನು ಯಾರು ಅಂತ ಕೇಳ್ತು. ಹೇಳ್ದೆ. ನಂಬಲಿಲ್ಲ.’ ಆಮೇಲೆ ಹಲ್ಲಿನ ಡಾಕ್ಟ್ರು. ‘ನನ್ನ ಕ್ಲಿನಿಕ್ಕಲ್ಲಿ ಬಾಯಿ ಬಿಡದೆ ಕೂತಿರೋದು ಇದೊಂದೇ.’”

ಗಂಡನ ತುಟಿ ಅರೆಗಳಿಗೆ ನಗುವಿನ ಕಡೆ ಹೋಗಿ, ಸಂಜೆಯ ನೆನಪಾಗಿ ವಾಪಸು ಬಂತು.

“ಕಾಗೆ ಯಾರ ಮನೇಲಿ ಕೂಗ್ತು, ಅದು ಹೇಳು,” ಎಂದರು ಅತ್ತೆ. “ಒಂದೊಂದು ಯಂತ್ರ ಒಂದೊಂದು ಕಡೆ ಎಡವುತ್ತೆ. ನಮ್ಮ ಪ್ಲೇಯರು ಬೀಗದ ಸಿಡಿ ಹಾಕಿದ್ರೆ ಎರಡನೇ ಹಾಡಲ್ಲೇ ಬಿಕ್ಕುತ್ತೆ. ಐದನೇ ಹಾಡಲ್ಲಿ, ‘ಕಾಯುವೆನು’ ಅನ್ನೋ ಕಡೆ ಎಡವಿದ್ದು ಯಾರದ್ದು?”

ಸೊಸೆ ಯೋಚಿಸಿದಳು. ದೂರುಗಳ ರಾಶಿಯನ್ನು ಸೋಸುವುದೇ ಸೊಸೆಯ ಕೆಲಸ.

“ಯಾರೂ ತಂದಿಲ್ಲ. ಹಾ, ಒಂದು ಫೋನು ಬಂದಿತ್ತು. ವಯಸ್ಸಾದೋರು.” ಅವಳು ಗಲ್ಲವನ್ನು ಸ್ವಲ್ಪ ಎತ್ತಿ ಆ ದನಿ ತೆಗೆದಳು. “‘ನನ್ನ ಸಿಡಿ ನನಗೇ ಬಾಯಿ ಬಿಡ್ತಿಲ್ಲಮ್ಮಾ. ಐದನೇದರಲ್ಲಿ ಕಾ ಕಾ ಅನ್ನುತ್ತೆ, ಅದಾದ್ಮೇಲೆ ಮೌನವ್ರತ.’ ಕಂಪನಿಗೆ ಕೇಳಿ ಅಂತ ಅಪ್ಪನ ನಂಬರು ಕೊಟ್ಟೆ. ಅಪ್ಪ ಎಲ್ಲರಿಗೂ ಹೇಳೋದು ಒಂದೇ, ಪ್ಲೇಯರು ಹಳೇದು ಅಂತ.”

“‘ನನ್ನ ಸಿಡಿ’ ಅಂದ್ರಾ, ‘ನಾನು ತಗೊಂಡ ಸಿಡಿ’ ಅಂದ್ರಾ?”

“ನನ್ನ ಸಿಡಿ. ಎಲ್ಲರೂ ಹಾಗೇ ತಾನೇ ಅನ್ನೋದು ಅತ್ತೆ. ನನ್ನ ಸಿಡಿ, ನನ್ನ ಡಾಕ್ಟ್ರು, ನನ್ನ ಬಸ್ಸು.”

“ಬಸ್ಸು ಓಡಿಸೋನೂ ‘ನನ್ನ ಬಸ್ಸು’ ಅಂತಾನೆ ಕಣೇ,” ಎಂದರು ಅತ್ತೆ.

ಸೊಸೆಗೆ ಮೈ ಜುಂ ಎಂದಿತು. ತಾನು ಈಗಷ್ಟೇ ತೆಗೆದ ದನಿ ತನ್ನ ಬಾಯಲ್ಲೇ ಇನ್ನೂ ಉಳಿದಿತ್ತು. ಮಾತಾಡುವ ದನಿ ಬೇರೆ, ಹಾಡುವ ದನಿ ಬೇರೆ, ಅದಕ್ಕೇ ಗೊತ್ತಾಗಿರಲಿಲ್ಲ. ನಾಡಿಗೆ ನಾಡೇ ತಲೆದೂಗುವ ಕೋಗಿಲಮ್ಮ ತನ್ನ ಕೌಂಟರಿಗೆ ಫೋನು ಮಾಡಿ, ತಾನು ಹಾಡಿದ ಹಾಡನ್ನು ತನಗೇ ಕೇಳಲು ಆಗುತ್ತಿಲ್ಲವೆಂದು ದೂರು ಕೊಟ್ಟಿದ್ದರು. ತಾನು ಅವರಿಗೆ ನಂಬರು ಕೊಟ್ಟು ಫೋನಿಟ್ಟಿದ್ದಳು.

“ಅದಕ್ಕೇ ನಕಲಲ್ಲಿ ಐದೇ ಹಾಡು,” ಎಂದಳು. ಬೀಗದ ಸಿಡಿಯ ಕವರಿನ ಮೇಲೆ ‘ಐದು ಹಾಡು, ಜೊತೆಗೊಂದು ಅಚ್ಚರಿ’ ಎಂದು ಅಚ್ಚಾಗಿತ್ತು. ಅಚ್ಚರಿ ಎಂದರೆ ಹೆಸರಿಲ್ಲದ ಆರನೆಯ ಹಾಡು. “ಅವರ ಪ್ಲೇಯರು ಐದಕ್ಕೇ ನಿಂತುಹೋಯ್ತಲ್ಲ.”

“ನಮ್ಮದೂ ಎಡವಿ ಎಡವಿ ಐದರವರೆಗೆ ಹೋಗುತ್ತೆ, ಅದರ ಮೇಲೆ ಎಣಿಸಲ್ಲ. ಆ ಅಚ್ಚರಿ ಹೇಗಿದೆಯೋ, ನಾನೂ ಕೇಳಿಲ್ಲ.”

“ಅಂಗಡೀಲಿ ದಿನಾ ಹಾಕ್ತೀವಿ ಅತ್ತೆ. ಕೇಳಿದ್ರೆ ಕಣ್ಣಲ್ಲಿ ನೀರು ಬರುತ್ತೆ.”

“ಅದು ನಾನು ಮುದ್ರಿಸಿದ್ದಲ್ಲ,” ಎಂದ ಗಂಡ. “ಹಳೇ ಟೇಪಲ್ಲಿ ಸಿಕ್ತು ಅಂತ ಮಾವನೇ ಸೇರಿಸಿದ್ರು.”

ಅತ್ತೆಯ ಗಮನ ಆಗಲೇ ಫೋನಿನ ಮೇಲಿತ್ತು.

“ನೇರವಾಗಿ ಕೇಳಿಬಿಡೋಣ್ವಾ?” ಎಂದಳು ಸೊಸೆ.

“ಕೇಳಿ, ಅವರು ಒಪ್ಕೊಂಡ್ರೂ ನಿಮ್ಮಪ್ಪನಿಗೆ ಅದು ನಾವು ಕಟ್ಟಿದ ಕಥೆ ಆಗುತ್ತೆ. ಅವರ ಬಾಯಿಂದ ಹೊರಟು ನಿಮ್ಮಪ್ಪನ ಕಿವಿಗೇ ಬೀಳಬೇಕು. ಇಬ್ಬರೂ ಉಸಿರೆತ್ತಬೇಡಿ.”

ಅತ್ತೆ ಕೋಗಿಲಮ್ಮನ ನಂಬರು ಒತ್ತಿ, ಬೆನ್ನು ನೆಟ್ಟಗೆ ಮಾಡಿಕೊಂಡು, ಇಲ್ಲದ ಕನ್ನಡಕವನ್ನು ಮೂಗಿನ ಮೇಲೆ ಸರಿಸಿಕೊಂಡರು. ಅವರ ಬಾಯಿಂದ ಹೊರಬಿದ್ದದ್ದು ಸೊಸೆಯ ಅಪ್ಪ.

“ನಮಸ್ಕಾರ ಅಮ್ಮಾ. ಅಂದರೆ, ತಾಂತ್ರಿಕವಾಗಿ ಹೇಳೋದಾದ್ರೆ, ತಪ್ಪು ನಂದೇ. ನಿಮ್ಮ ಪ್ಲೇಯರು ಹಳೇದು ಅಂತ ಅವತ್ತು ಅಂದಿದ್ದು ಉದ್ಧಟತನ. ಮಧ್ಯಾಹ್ನ ನಮ್ಮ ಆಫೀಸಿಗೆ ದಯಮಾಡಿಸಿ, ಸಾವಕಾಶವಾಗಿ ಬೈದು ಹೋಗಬೇಕು. ಕಾರು ಕಳಿಸ್ತೀನಿ.”

ಸೊಸೆ ಬಾಯಿಗೆ ಸೆರಗು ಒತ್ತಿಕೊಂಡಳು. ಹುಟ್ಟಿದಂದಿನಿಂದ ಕೇಳಿದ ದನಿ ಅದು. ಆ ‘ಅಂದರೆ’ಯ ಮುಂದಿನ ಸಣ್ಣ ನಿಲುಗಡೆಯೂ ಅಪ್ಪನದೇ. ಅಪ್ಪ ಕ್ಷಮೆ ಕೇಳಿದ್ದನ್ನು ಮಾತ್ರ ಅವಳು ಕೇಳಿದ್ದು ಇದೇ ಮೊದಲು.

ಅಪ್ಪನ ಕೋಣೆ ಕಂಪನಿಯ ಮೇಲಿನ ಅಂತಸ್ತಿನಲ್ಲಿತ್ತು. ಗೋಡೆಯುದ್ದಕ್ಕೂ ಕಪಾಟು, ಕಪಾಟಿನ ತುಂಬ ಪ್ಲೇಯರುಗಳು. ಹಳೆಯವು, ಹೊಸವು, ಮುಚ್ಚಳ ಕಿತ್ತವು, ಕಾರಿನಿಂದ ಬಿಚ್ಚಿ ತಂದವು. ಪ್ರತಿಯೊಂದರ ನೆತ್ತಿಗೂ ಒಂದು ಬಟ್ಟೆಯ ಹೊದಿಕೆ. ಅಪ್ಪ ಕೈಗೆ ಬಿಳಿಯ ಹತ್ತಿಯ ಗವಸು ಹಾಕಿಕೊಂಡೇ ಸಿಡಿ ಮುಟ್ಟುತ್ತಿದ್ದರು. ಒರೆಸಿದರೆ ನಡುವಿನಿಂದ ಅಂಚಿಗೆ ನೇರ ಗೆರೆಯಲ್ಲಿ, ಎಂದೂ ಸುತ್ತಿಸಿ ಒರೆಸುತ್ತಿರಲಿಲ್ಲ. ಸೊಸೆ ಚಿಕ್ಕವಳಿದ್ದಾಗ ಅವಳ ಬಳಪದ ಡಬ್ಬಿಗೆ ಅವರೊಂದು ಪುಟ್ಟ ಬೀಗ ಮಾಡಿಕೊಟ್ಟಿದ್ದರು. ಕೀಲಿ ಇರಲಿಲ್ಲ, ಸರಿಯಾದ ತಾಳದಲ್ಲಿ ತಟ್ಟಿದರೆ ತೆರೆದುಕೊಳ್ಳುತ್ತಿತ್ತು. ಅಂಥ ಅಪ್ಪ ಬೇರೆ ಯಾರ ಮನೆಯಲ್ಲೂ ಇಲ್ಲವೆಂದು ಅವಳು ಶಾಲೆಯಲ್ಲೆಲ್ಲ ಹೇಳಿಕೊಂಡು ತಿರುಗಿದ್ದಳು. ಈಗಲೂ ಅವಳ ನಂಬಿಕೆ ಅದೇ. ಅದೇ ಕಷ್ಟ.

“ಬನ್ನಿ ಬೀಗಿತ್ತಿಯವರೇ,” ಎಂದರು ಅಪ್ಪ, ಎದ್ದು ನಿಂತು. ಮಗಳ ಕಡೆ ನೋಡಲಿಲ್ಲ. “ಅಳಿಯಂದ್ರು ಬರಲಿಲ್ವೋ?”

“ಬರ್ತಾನೆ. ಒಬ್ಬರನ್ನ ಕರ್ಕೊಂಡು ಬರೋಕೆ ಹೋಗಿದಾನೆ.” ಅತ್ತೆ ಕುರ್ಚಿ ಎಳೆದು ಕೂತರು. “ಬೀಗರೇ, ಮೂಲ ಟೇಪು ಕೈಯಲ್ಲೇ ಇದ್ದೋನು ಬೀಗದ ತಟ್ಟೆಗೆ ಯಾಕೆ ಕೈ ಹಾಕ್ತಾನೆ?”

“ಅಂದರೆ, ತಾಂತ್ರಿಕವಾಗಿ ಹೇಳೋದಾದ್ರೆ, ತನ್ನ ಮೇಲೆ ಅನುಮಾನ ಬರಬಾರದು ಅಂತ. ಆ ಕಾ ಕಾ ಬೇಕಂತಲೇ ಸೇರಿಸಿದ್ದು. ನನ್ನ ಬೀಗಕ್ಕೆ ಅಣಕ.”

“ಅಣಕ ಅಂದ್ರಲ್ಲ, ಅದೊಂದು ಸರಿ.”

“ಬೇರೆ ಯಾರಿಗೆ ಸಾಧ್ಯ ಹೇಳಿ.” ಅಪ್ಪನ ದನಿ ಇಳಿಯಿತು. “ಹಾಡಿನ ಒಳಗೇ ಸಣ್ಣ ಸಣ್ಣ ತಪ್ಪು ಬೆರೆಸಿದೀನಿ. ಪ್ಲೇಯರು ಅದನ್ನ ದಾಟಿ ಹೋಗುತ್ತೆ. ನಕಲು ಮಾಡೋಕೆ ಕೂತ ಯಂತ್ರ ಮುಗ್ಗರಿಸುತ್ತೆ. ಎಷ್ಟು ರಾತ್ರಿ ಕೂತಿದೀನಿ ಇದಕ್ಕೆ. ನನ್ನ ಕೈಲೇ ಒಡೆಯೋಕಾಗಲ್ಲ ಇದನ್ನ.”

“ಕೆಲವು ಪ್ಲೇಯರೂ ಮುಗ್ಗರಿಸ್ತಾವಪ್ಪ,” ಎಂದಳು ಸೊಸೆ. “ಬಂದು ನನ್ನ ಕೌಂಟರಲ್ಲಿ ಒಂದು ದಿನ ಕೂತು ನೋಡಿ. ಕದ್ದ ಸಿಡಿ ತಗೊಂಡೋರು ಆರಾಮಾಗಿ ಕೇಳ್ತಿದಾರೆ. ನ್ಯಾಯವಾಗಿ ತಗೊಂಡೋರು ಬಂದು ನನ್ನ ಮುಖ ನೋಡ್ತಿದಾರೆ.”

ಅಪ್ಪ ಗವಸಿನ ಬೆರಳನ್ನು ಒಂದೊಂದಾಗಿ ಎಳೆದು ಸರಿಮಾಡಿಕೊಂಡರು.

“ನಕಲಲ್ಲಿ ಆರನೇ ಹಾಡು ಯಾಕಿಲ್ಲ ಬೀಗರೇ?” ಎಂದರು ಅತ್ತೆ.

ಎಳೆಯುತ್ತಿದ್ದ ಬೆರಳು ಅಲ್ಲೇ ನಿಂತಿತು. “ಅದನ್ನ ಕಳ್ಳನ್ನ ಕೇಳ್ಬೇಕು.”

“ಕೇಳೋಣ. ಬಂದ್ರು ನೋಡಿ.”

ಬಾಗಿಲು ತೆರೆಯಿತು. ಮುಂದೆ ಕೋಗಿಲಮ್ಮ, ಹಿಂದೆ ಸೊಸೆಯ ಗಂಡ, ಅವರ ಕೈಚೀಲ ಹಿಡಿದು. ಇಷ್ಟು ದೊಡ್ಡ ದನಿಗೆ ಇಷ್ಟು ಪುಟ್ಟ ದೇಹವೇ ಎಂದು ಸೊಸೆಗೆ ಅನ್ನಿಸಿತು. ಕಪಾಟಿನ ಮೇಲಿನಿಂದ ಎರಡನೆಯ ಹಲಗೆಯವರೆಗೂ ಬರುತ್ತಿರಲಿಲ್ಲ ಅವರು.

“ಏನಪ್ಪಾ ಇಂಜಿನಿಯರಪ್ಪಾ,” ಎಂದರು ಕೋಗಿಲಮ್ಮ, ನೇರವಾಗಿ ಅಪ್ಪನ ಮುಂದೆ ಹೋಗಿ ನಿಂತು. “ಅಷ್ಟು ಚೆನ್ನಾಗಿ ಕ್ಷಮೆ ಕೇಳ್ದೆ. ಬೈಯೋಕೆ ಅಂತ ಕಟ್ಕೊಂಡಿದ್ದ ಮಾತೆಲ್ಲ ದಾರೀಲೇ ಕರಗಿಹೋಯ್ತು.”

“ನಾನು ಕ್ಷಮೆ?” ಎಂದರು ಅಪ್ಪ.

“ಫೋನಲ್ಲಿ. ಬೆಳಗ್ಗೆ.”

“ನಾನು ಫೋನೇ ಮಾಡಿಲ್ಲವಲ್ಲಮ್ಮಾ.”

“ಅಂದರೆ,” ಎಂದಿತು ಕುರ್ಚಿಯ ಕಡೆಯಿಂದ ಅಪ್ಪನದೇ ದನಿ, “ತಾಂತ್ರಿಕವಾಗಿ ಹೇಳೋದಾದ್ರೆ, ಮಾಡಿದ್ದು ನಾನು.”

ಅಪ್ಪ ತಮ್ಮ ಬಾಯನ್ನೇ ಮುಟ್ಟಿ ನೋಡಿಕೊಂಡರು. ಕೋಗಿಲಮ್ಮ ಅತ್ತೆಯ ಕಡೆ ತಿರುಗಿ, ತಲೆ ಓರೆ ಮಾಡಿ, ಒಳ್ಳೆಯ ಆಲಾಪ ಕೇಳಿದವರ ಹಾಗೆ ಕಣ್ಣು ಕಿರಿದು ಮಾಡಿದರು.

“ಇನ್ನೊಂದ್ಸಲ ಆಡಿ,” ಎಂದರು.

ಅತ್ತೆ ಆಡಿದರು.

“ಎಂಥ ಗಂಟಲಮ್ಮ ನಿಮ್ಮದು.”

“ನಿಮ್ಮ ಮುಂದೆ ಇದು ಗಂಟಲೇ ಅಲ್ಲ, ಬರೀ ಕೊಳವೆ.” ಅತ್ತೆ ಎದ್ದು ಕೈ ಮುಗಿದರು. “ಅಮ್ಮಾ, ಯಂತ್ರದ ತೊದಲನ್ನ ಒಂದು ಸ್ವರ ಆಚೀಚೆ ಆಗದ ಹಾಗೆ ಮೂರು ಸಲ ಹಾಡೋದು ನನ್ನ ಕೈಲಾಗಲ್ಲ. ಯಾರ ಕೈಲೂ ಆಗಲ್ಲ. ನೀವೊಂದೇ ಒಂದು ಕಡೆ ಸಿಕ್ಕಿಬಿದ್ರಿ. ಎರಡನೇ ಕಾ ಆದ್ಮೇಲೆ.”

ಮೆಲ್ಲಗೆ ಕೋಗಿಲಮ್ಮನ ಮುಖದಲ್ಲಿ ಮಿಠಾಯಿ ಡಬ್ಬದೊಳಗೆ ಕೈ ಸಿಕ್ಕಿಕೊಂಡ ಹುಡುಗಿಯ ನಗು ಹರಡಿತು.

“ಉಸಿರು ಕೇಳಿಸ್ತಾ?”

“ಕೇಳಿಸ್ತು.”

“ಎಲ್ಲಾ ಈ ಎಪ್ಪತ್ತರ ಶ್ವಾಸಕೋಶದ್ದು ತಪ್ಪು. ಮೊದಲೆಲ್ಲ ಹಾಗಾಗ್ತಿರಲಿಲ್ಲ.” ಅವರು ಅಪ್ಪನ ಕಡೆ ತಿರುಗಿದರು. “ನೋಡಪ್ಪಾ. ನನ್ನ ಹಾಡು ಕೇಳೋಣ ಅಂತ ಹಾಕಿದೆ. ನನ್ನ ಪ್ಲೇಯರಲ್ಲಿ ನಾನೇ ಕಾ ಕಾ ಅಂತಿದೀನಿ. ನಿನಗೆ ಫೋನ್ ಮಾಡಿದ್ರೆ, ಪ್ಲೇಯರು ಹಳೇದು, ಬದಲಾಯಿಸಿ ಅಂದೆ. ಆ ಪ್ಲೇಯರು ನಮ್ಮೆಜಮಾನರು ಕೊಡಿಸಿದ್ದು. ಅವರು ಹೋದ ಮೇಲೂ ದಿನಾ ನನಗೆ ಹಾಡು ಕೇಳಿಸ್ತಾ ಬ‌ಂದಿದೆ. ಸಿಟ್ಟು ಬಂತು. ಸರಿ, ಹೀಗೇ ತಾನೇ ನಿನಗೆ ಬೇಕಾಗಿರೋದು ಅಂತ, ಕಾಗೆ ಸಮೇತ ಕೂತು ಹಾಡಿ ಟೇಪಿಗೆ ಹಾಕಿ, ಪಕ್ಕದ ಮನೆಯೋಳಿಗೆ ತಮಾಷೆಗೆ ಕೊಟ್ಟೆ. ಅವಳ ತಮ್ಮನ ಕೈ ಇಷ್ಟು ಉದ್ದ, ಅದನ್ನೇ ಸಿಡಿ ಮಾಡಿ ಬೀದೀಲಿ ಮಾರ್ತಾನೆ ಅಂತ ಯಾರಿಗೆ ಗೊತ್ತಿತ್ತು.”

“ಅದಕ್ಕೆ ನನ್ನ ಮಗನ್ನ ಇವತ್ತು ಸಂಜೆ ಪೊಲೀಸಿಗೆ ಕೊಡ್ತಿದಾರೆ,” ಎಂದರು ಅತ್ತೆ, ಮೊದಲ ಸಲ ತಮ್ಮದೇ ದನಿಯಲ್ಲಿ.

ಕೋಗಿಲಮ್ಮ ಹಿಂತಿರುಗಿ ಸೊಸೆಯ ಗಂಡನನ್ನು ನೋಡಿದರು. ಅವನು ಇನ್ನೂ ಕೈಚೀಲ ಹಿಡಿದೇ ನಿಂತಿದ್ದ. “ಇವನನ್ನಾ? ಮೈಕಿನ ಮುಂದೆ ನಾನು ಕೂತಾಗ ಬಿಸಿನೀರು ಆರದ ಹಾಗೆ ಕಾಯ್ತಿದ್ದೋನು ಇವನು. ಏನಪ್ಪಾ, ಕಾರಲ್ಲಿ ಒಂದು ಮಾತು ಹೇಳಬಾರದಾ?”

“ಅಮ್ಮ ಉಸಿರೆತ್ತಬೇಡ ಅಂದಿದ್ರು,” ಎಂದ ಅವನು.

“ನಿಮ್ಮ ಯಜಮಾನರು ಬರೋವರೆಗೂ ನಾನು ಇಲ್ಲೇ ಕೂತಿರ್ತೀನಿ. ಕಳ್ಳಿ ನಾನೇ ಅಂತ ನಾನೇ ಹೇಳ್ತೀನಿ. ನನ್ನ ಹಾಡು ನಾನು ಕದ್ದಿದೀನಿ, ಯಾವ ಪೊಲೀಸು ಬರ್ತಾನೆ ನೋಡೋಣ.”

ಸೊಸೆ ಪಕ್ಕದ ಮೇಜಿಗೆ ಆನಿಕೊಂಡಳು. ಗಂಡ ಅವಳನ್ನು ನೋಡಿದ. ಬೆಳಗಿನಿಂದ ಅರ್ಧಕ್ಕೇ ವಾಪಸಾಗುತ್ತಿದ್ದ ನಗು ಈಗ ಪೂರ್ತಿ ಬಂತು.

ಅಪ್ಪ ಮಾತ್ರ ಕದಲಿರಲಿಲ್ಲ. “ನನಗೆ ಕೇಳಬೇಕು,” ಎಂದರು. ಕಪಾಟಿನ ನಡುವೆ ಇದ್ದ, ಎಲ್ಲಕ್ಕಿಂತ ಒಳ್ಳೆಯ ಪ್ಲೇಯರಿನ ಹೊದಿಕೆ ಸರಿಸಿ ನಕಲು ಸಿಡಿ ಹಾಕಿದರು. ಕಾ. ಕಾ. ಉಸಿರು. ಕಾಯುವೆನು. ಮತ್ತೆ ಕೇಳಿದರು. ಆಮೇಲೆ ಅದನ್ನು ತೆಗೆದು, ತಮ್ಮ ಬೀಗದ ಸಿಡಿಯನ್ನು ಗವಸಿನ ಕೈಯಲ್ಲಿ ಹೂವಿನಂತೆ ಎತ್ತಿ ಇಟ್ಟು, ಅದರ ಐದನೆಯ ಹಾಡು ಹಾಕಿದರು. ಆ ಪ್ಲೇಯರಿನಲ್ಲಿ ಅದು ಎಲ್ಲೂ ಎಡವಲಿಲ್ಲ. ಕಾಯುವೆನು ನಿನಗಾಗಿ ಎಂದು ಹೊಳೆಯ ಹಾಗೆ ಹರಿಯಿತು.

“ಒಡೆದಿಲ್ಲ,” ಎಂದರು ಅಪ್ಪ. “ನನ್ನ ಬೀಗ ಯಾರೂ ಒಡೆದಿಲ್ಲ.”

“ಒಡೆದಿಲ್ಲ ಬೀಗರೇ. ಬೀಗವನ್ನ ಹಾಗೇ ಬಿಟ್ಟು, ಗೋಡೆ ಪಕ್ಕದಿಂದ ನಡ್ಕೊಂಡು ಹೋದ್ರು ಅಷ್ಟೇ.”

ಅಪ್ಪ ಅಳಿಯನ ಹತ್ತಿರ ಹೋದರು. ಬಲಗೈಯ ಗವಸು ಕಳಚಿದರು. ಸಿಡಿ ಮುಟ್ಟುವ ಕೈಯನ್ನು ಅವರು ಯಾರ ಭುಜದ ಮೇಲೂ ಇಟ್ಟಿದ್ದನ್ನು ಸೊಸೆ ಕಂಡಿರಲಿಲ್ಲ. ಈಗ ಇಟ್ಟರು. “ಅಂದರೆ, ತಪ್ಪು ನಂದೇ,” ಎಂದರು. ಫೋನಿನಲ್ಲಿ ಅತ್ತೆ ಆಡಿದ ಅದೇ ಮಾತು, ಅದೇ ದನಿ, ಅದೇ ನಿಲುಗಡೆ. ಅದು ಎಲ್ಲರಿಗೂ ಒಟ್ಟಿಗೇ ಹೊಳೆಯಿತು.

ಮೊದಲು ನಕ್ಕವರು ಕೋಗಿಲಮ್ಮ. ಆಮೇಲೆ ಗಂಡ, ಆಮೇಲೆ ಅತ್ತೆ, ಆಮೇಲೆ ಸೊಸೆ. ಎಲ್ಲರ ಮೇಲೂ ಏರಿ ನಕ್ಕವರು ಅಪ್ಪ. ಒಂದೇ ದಿನ ಇಬ್ಬರು ಹೆಂಗಸರಿಂದ ಎರಡು ಸಲ ಬೇಸ್ತು ಬಿದ್ದ ಮನುಷ್ಯ ಕಪಾಟು ಹಿಡಿದುಕೊಂಡು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. “ಕಾ ಕಾ” ಎಂದು ತಾವೇ ಅಣಕಿಸಿಕೊಂಡು ಮತ್ತೆ ನಕ್ಕರು. ಸೊಸೆಗೆ ಎದೆ ತುಂಬಿ ಬಂತು. ಎಂಥ ಅತ್ತೆ, ಎಂಥ ಅಪ್ಪ, ಎಂಥ ಹಾಡಮ್ಮ. ಇಂಥ ಮೂವರ ನಡುವೆ ನಿಂತು ನಗುವ ಯೋಗ ಯಾರಿಗುಂಟು ಎಂದುಕೊಂಡಳು.

ಪ್ಲೇಯರನ್ನು ಯಾರೂ ನಿಲ್ಲಿಸಿರಲಿಲ್ಲ. ಐದನೆಯ ಹಾಡು ಮುಗಿದಿತ್ತು. ನಗುವಿನ ಅಡಿಯಲ್ಲಿ ಮೆಲ್ಲಗೆ ಆರನೆಯದು ಶುರುವಾಯಿತು.

ಕೋಗಿಲಮ್ಮನ ನಗು ಅರ್ಧಕ್ಕೇ ನಿಂತಿತು.

“ಇದ್ಯಾರು ಹಾಡ್ತಿರೋದು?”

“ನೀವೇ ಅಲ್ವಾ ಅಮ್ಮಾ,” ಎಂದಳು ಸೊಸೆ, ಕಣ್ಣೊರೆಸಿಕೊಳ್ಳುತ್ತ. “ಅಚ್ಚರಿ ಹಾಡು. ನಿಮ್ಮ ಹಳೇ ಟೇಪಿಂದು.”

“ದನಿ ನಂದೇ.” ಅವರು ಪ್ಲೇಯರಿನ ಹತ್ತಿರ ಹೋಗಿ ಕಿವಿ ಕೊಟ್ಟರು. ಅವರ ಮುಖದ ಬಣ್ಣ ಇಳಿಯಿತು. “ಹಾಡು ನಂದಲ್ಲ. ಈ ಸಾಲನ್ನ ನಾನು ಜೀವಮಾನದಲ್ಲಿ ಬಾಯಿಗೆ ತಂದೋಳಲ್ಲ.”

ಗಂಡನ ನಗು ನಿಂತಿತು. ಅತ್ತೆ ಬಲಗೈಯ ತೋರುಬೆರಳನ್ನು ಗಾಳಿಯಲ್ಲಿ ಎತ್ತಿ ಹಿಡಿದರು. ಬೆಳಗಿನಿಂದ ಆ ಬೆರಳಿನ ಅರ್ಥವನ್ನು ಸೊಸೆ ಕಲಿತಿದ್ದಳು. ಅತ್ತೆ ಕಾಯುತ್ತಿದ್ದರು, ಆ ಮೂಗಿನ ಉಸಿರಿಗಾಗಿ. ಸೊಸೆಯೂ ತನ್ನ ಉಸಿರು ಹಿಡಿದು ಹಾಡಿನ ಜೊತೆ ಹೊರಟಳು. ಒಂದು ಸಾಲು ಹೋಯಿತು. ಇನ್ನೊಂದು ಹೋಯಿತು. ಎದೆ ಉರಿಯತೊಡಗಿತು. ಮೂರನೆಯ ಸಾಲಿಗೆ ಅವಳು ಸೋತು ಉಸಿರು ಬಿಟ್ಟಳು.

ಹಾಡು ಬಿಡಲಿಲ್ಲ. ಅಂಗಡಿಯಲ್ಲಿ ದಿನವೂ ಕಣ್ಣಲ್ಲಿ ನೀರು ತರಿಸಿದ ಆ ಹಾಡು ಮೊದಲಿನಿಂದ ಒಮ್ಮೆಯೂ ಉಸಿರಾಡಿರಲಿಲ್ಲ. ಉಸಿರೆಳೆಯೋ ಯಂತ್ರವನ್ನ ನಿಮ್ಮಪ್ಪ ಇನ್ನೂ ಕಂಡುಹಿಡಿದಿಲ್ಲ ಎಂದು ಬೆಳಗ್ಗೆ ಅತ್ತೆ ಅಂದದ್ದು ಅವಳಿಗೆ ನೆನಪಾಯಿತು.

ಅತ್ತೆಯ ಬೆರಳು ಹಾಗೇ ಗಾಳಿಯಲ್ಲಿತ್ತು. ಸೊಸೆ ಅಪ್ಪನ ಕಡೆ ತಿರುಗಿದಳು.

ಅಪ್ಪನೂ ಆ ಬೆರಳನ್ನೇ ನೋಡುತ್ತಿದ್ದರು. ಗವಸು ತೊಟ್ಟಿದ್ದ ಎಡಗೈ ಮೆಲ್ಲಗೆ ಪ್ಲೇಯರಿನ ಗುಂಡಿಯ ಕಡೆ ಸರಿಯುತ್ತಿತ್ತು. ಅವರು ಇನ್ನೂ ನಗುತ್ತಿದ್ದರು, ಮೊದಲಿಗಿಂತ ಜೋರಾಗಿ, ಹಾಡು ಕೇಳಿಸದಷ್ಟು ಜೋರಾಗಿ. ಆ ಕೋಣೆಯಲ್ಲಿ ಈಗ ನಗುತ್ತಿದ್ದವರು ಅವರೊಬ್ಬರೇ.